ನಿನ್ನ ಕೈ ಒಪ್ಪಬೇಕು

ಅಯ್ಯೋ, ಹಾಗಲ್ಲ ಕಣೋ, ಹಾಗಲ್ಲ! ಹೆಬ್ಬೆರಳು ಸ್ವಲ್ಪ ಒಳಗೆ ಬರ್ಲಿ... ಹಾಂ, ಅಲ್ಲೇ. ಇರು, ನಾನೇ ಕೂರಿಸ್ತೀನಿ. ತೋರುಬೆರಳು ಈ ಟ್ರಿಗರ್ ಮೇಲೆ, ಉಳಿದಿದ್ದು ಕೆಳಗೆ... ಆಯ್ತಲ್ಲ! ಹೇಗೆ ಕೂತಿದೆ ನೋಡು, ನಿನ್ನ ಅಂಗೈಯಲ್ಲೇ ಹುಟ್ಟಿದ ಹಾಗೆ. ತೊಡೆ ಮೇಲೆ ದಿಂಬಿದೆ, ಭಾರ ಅದು ಹೊರುತ್ತೆ. ಭಾರ ಅಂತ ಇದರಲ್ಲಿ ಏನಿದೆ ಬಿಡು, ಹೋದ ಸಲದ್ದಕ್ಕಿಂತ ಹಗುರ ಮಾಡಿದೀವಿ. ಯಾಕೆ ಅಂದ್ರೆ? ನಮ್ಮಲ್ಲಿ ಆಡಿ ನೋಡೋ ಹುಡುಗ್ರು ಇದಾರಲ್ಲ, ಅವರು ಕೈ ನೋವು ಬರುತ್ತೆ ಅಂದ್ರು. ಹೂಂ ಕಣೋ! ಇಷ್ಟೆತ್ತರ ಇಷ್ಟಗಲ ಇರೋ ಹುಡುಗ್ರು! ಒಂದು ಗೇಮ್ ಕಂಟ್ರೋಲರ್ ಹಿಡಿಯೋಕೂ ಶಕ್ತಿ ಇಲ್ಲ ಅಂದ್ರೆ ನಾನೇನು ಮಾಡ್ಲಿ.

ಯಾಕೆ ನಗ್ತೀಯಾ?

ನಗು, ನಗು. ಅಕ್ಕ ಬಾಯಿ ತೆಗೆದ್ರೆ ಸಾಕು, ಚಿಕ್ಕಂದಿನಿಂದ ನಿನಗೆ ತಮಾಷೆ.

ನಾನು ಇಲ್ಲಿ ಸ್ಟೂಲ್ ಮೇಲೆ ಕೂತ್ಕೋತೀನಿ. ಇಲ್ಲಪ್ಪ, ಸೋಫಾ ಮೇಲೆ ಬೇಡ. ಪಕ್ಕಕ್ಕೆ, ಸ್ವಲ್ಪ ಹಿಂದೆ... ಇಲ್ಲಿಂದ ನಿನ್ನ ಬೆರಳು ಚೆನ್ನಾಗಿ ಕಾಣುತ್ತೆ, ಅದಕ್ಕೆ. ಏನು? ಈ ಸೆಕೇಲಿ ಇವತ್ತೂ ಹೊದಿಕೆ ಯಾಕೆ ಅಂತಾನಾ? ಹೊಟ್ಟೆ ನೋವು ಕಣೋ. ಒಳಗೆ ಬಿಸಿನೀರಿನ ಚೀಲ ಇಟ್ಕೊಂಡಿದೀನಿ. ಹೆಂಗಸರ ಹೊಟ್ಟೆ ನೋವಿನ ವಿಚಾರ ನಿನಗ್ಯಾಕೆ, ಮುಂದೆ ನೋಡ್ಕೊಂಡು ಕೂತ್ಕೋ.

ಯಾವ ರಸ್ತೆ ಹಾಕ್ಲಿ? ಸಮುದ್ರದ ದಂಡೇದು ಹಾಕ್ತೀನಿ, ನೇರ ಇದೆ, ಸೊಗಸಾಗಿ ಓಡುತ್ತೆ... ಬೆಟ್ಟದ್ದಾ? ಬೆಟ್ಟದ್ದೇ ಬೇಕಾ? ಅದರಲ್ಲಿ ಬರೀ ತಿರುವು ಕಣೋ. ಹೋದ ವಾರ ಸಮುದ್ರದ್ದೇ ಆಡಿದ್ವಲ್ಲ, ಚೆನ್ನಾಗಿತ್ತಲ್ಲ... ಸರಿ ಮಾರಾಯ, ಸರಿ. ನಿನ್ನ ಹಟ ನನಗೆ ಹೊಸದಾ? ಬೆಟ್ಟದ್ದೇ ಹಾಕ್ದೆ. ಆಮೇಲೆ ಕಣಿವೆಗೆ ಬಿದ್ರೆ ನನ್ನನ್ನ ಬಯ್ಯಬೇಡ.

ಇವತ್ತು ಮಾತ್ರ ಹುಡುಗಾಟ ಬೇಡ, ಹೇಳಿದೀನಿ. ನಾಳೆ ಬೆಳಿಗ್ಗೆ ಈ ಕಂಟ್ರೋಲರ್ ಎರಕ ಹೊಯ್ಯೋ ಉಕ್ಕಿನ ಅಚ್ಚು ಕೊರೆಯೋಕೆ ಶುರು ಮಾಡ್ತಾರೆ. ಕೊರೆದ್ರೆ ಮುಗೀತು, ಆಮೇಲೆ ಕೂದಲೆಳೆಯಷ್ಟೂ ಆಚೀಚೆ ಮಾಡೋಕಾಗಲ್ಲ. ಅಯ್ಯೋ, ನಿನಗೆ ಗೊತ್ತಿಲ್ದೇ ಇರೋದಾ, ಇದನ್ನೆಲ್ಲ ನನಗೆ ಕಲಿಸ್ದೋನೇ ನೀನು. ಆದ್ರೂ ಹೇಳ್ತೀನಿ ಕೇಳು. ಆಫೀಸಲ್ಲಿ ಸಾಹೇಬ್ರು ಶುಕ್ರವಾರ ಎಲ್ಲರ ಮುಂದೆ ಹೇಳಿದ್ರು, ಅವನು ಮನೇಲಿದ್ರೇನಾಯ್ತು, ಪದ್ಧತಿ ಪದ್ಧತಿನೇ, ಅವನ ಕೈ ಒಪ್ಪಬೇಕು, ಒಂದು ಪೂರ್ತಿ ರೇಸ್ ಓಡಿಸಿ ಅವನು ಹೂಂ ಅಂದ ಮೇಲೇನೇ ಅಚ್ಚಿಗೆ ಕಳಿಸೋದು ಅಂತ. ಗಡಿಯಾರ ನೋಡ್ಕೊಂಡೇ ಹೇಳಿದ್ರು ಅನ್ನು. ಆ ಮನುಷ್ಯ ಹೆಂಡ್ತಿ ಮುಖಾನಾದ್ರೂ ನೋಡ್ತಾರೋ, ಅದಕ್ಕೂ ಗಡಿಯಾರಾನೇನೋ! ಆದ್ರೆ ಹೇಳಿದ್ರಲ್ಲ. ಎಲ್ಲರೂ ತಲೆ ಆಡಿಸಿದ್ರು. ನನಗಂತೂ ಎದೆ ತುಂಬಿ ಬಂತು ಕಣೋ.

ಮೂರು... ಎರಡು... ಒಂದು... ಒತ್ತು! ಒತ್ತಿದ್ಯಾ? ಓಡ್ತು! ನೋಡ್ದಾ, ಹೇಗೆ ಚಿಮ್ತು!

ಅಷ್ಟೇ ಕಣೋ, ಬೆರಳು ಸುಮ್ನೆ ಇಟ್ರೆ ಸಾಕು. ಸ್ಪ್ರಿಂಗ್ ಮಾಡೋ ತಾತನ ಹತ್ರ ಹೋಗಿ ಕೂತು ಮಾಡಿಸಿದ್ದು ಈ ಟ್ರಿಗರ್ ಸ್ಪ್ರಿಂಗನ್ನ. ಅವರ ಬಾಯಿ ಗೊತ್ತಲ್ಲ ನಿನಗೆ. ಇನ್ನೂ ಸಣ್ಣ ತಂತಿ ಬೇಕು ಅಂದ್ರೆ ನನ್ನ ತಲೇಲಿ ಉಳಿದಿರೋ ನಾಲ್ಕು ಕೂದಲು ಸುತ್ತಿ ಕೊಡ್ಲೇನಮ್ಮ ಅಂದ್ರು. ಕೊಡಿ ತಾತ, ಅದೂ ಸರಿ ಅಂದೆ. ನಕ್ಕೂ ನಕ್ಕೂ ಕೆಮ್ಮು ಬಂತು ಅವರಿಗೆ. ಆಮೇಲೆ ಪುಟ್ಟ ಹೇಗಿದಾನೆ ಅಂತ ಕೇಳಿದ್ರು. ಚೆನ್ನಾಗಿದಾನೆ ತಾತ, ಅಂತ... ಇರು...

...

ಹಾಂ. ದಾಟ್ತು. ಒಳ್ಳೇ ತಿರುವು ತಗೊಂಡೆ ಕಣೋ, ಶಹಬ್ಬಾಸ್! ಏನು ಹೇಳ್ತಿದ್ದೆ ನಾನು? ಹಾಂ, ತಾತ. ಚೆನ್ನಾಗಿದಾನೆ ಅಂದೆ. ಇನ್ನೇನು ಹೇಳ್ಬೇಕು. ಚೆನ್ನಾಗೇ ಇದೀಯಲ್ಲ. ದಿನಾ ಬೆರಳಾಡಿಸ್ತಿರಿ ಅಂತ ಡಾಕ್ಟ್ರು ಹೇಳಿದಾರೆ, ಆಡಿಸ್ತಿದೀವಿ. ಅವತ್ತು ಕಾರಿಡಾರಲ್ಲಿ ನನ್ನ ಜೊತೆ ಏನು ಮಾತಾಡಿದ್ರಾ? ಏನೂ ಇಲ್ಲ ಕಣೋ, ಮುಂದಿನ ಸಲ ಯಾವತ್ತು ಬರ್ಬೇಕು ಅಂತ ಹೇಳಿದ್ರು ಅಷ್ಟೇ. ಕಣ್ಣು ಕೆಂಪಾಗಿತ್ತಾ? ಆಸ್ಪತ್ರೇಲಿ ನೆಲ ಒರೆಸೋ ಔಷಧಿ ವಾಸನೆ ನನಗೆ ಆಗಲ್ಲ, ಗೊತ್ತಲ್ಲ.

ಮುಂದೆ ನೋಡೋ! ರಸ್ತೆ ಮುಂದಿದೆ.

ಈ ಹಿಡಿ ನೋಡು, ಎಷ್ಟು ಸಪೂರ ಆಗಿದೆ. ಸ್ಯಾಂಡ್‌ಪೇಪರ್ ಹಿಡ್ಕೊಂಡು ನಾನೇ ಉಜ್ಜಿದ್ದು, ಮಷೀನಿಗೆ ಕೊಡ್ಲಿಲ್ಲ. ಮಷೀನಿಗೆ ಏನು ಗೊತ್ತಾಗುತ್ತೆ ಅಂಗೈ ಅಂದ್ರೆ? ನೀನೇ ಹೇಳ್ತಿದ್ದೆ, ಕಣ್ಣು ಮುಚ್ಚಿ ಉಜ್ಜು ಅಕ್ಕ, ಕಣ್ಣು ಬಿಟ್ರೆ ಚಂದ ನೋಡ್ತೀಯಾ, ಮುಚ್ಚಿದ್ರೆ ಹಿಡಿತ ನೋಡ್ತೀಯಾ ಅಂತ. ಹಾಗೇ ಉಜ್ಜಿದೆ. ಬಟ್ಟೆ ತುಂಬ ಬಿಳಿ ಪುಡಿ ಮಾಡ್ಕೊಂಡು ಬಸ್ ಹತ್ತಿದ್ರೆ ಪಕ್ಕದ ಸೀಟಿನ ಹೆಂಗಸು ಎದ್ದು ಹೋದ್ಲು! ಬೇಕರಿಯೋಳು ಅನ್ಕೊಂಡ್ಲೋ ಏನೋ.

ಈ ಕಂಟ್ರೋಲರ್ ಕೆಲಸ ಶುರುವಾದ ಮೊದಲನೇ ದಿನ ನೆನಪಿದೆಯಾ ನಿನಗೆ? ಎಲ್ಲರೂ ಕಂಪ್ಯೂಟರಲ್ಲಿ ಗೆರೆ ಎಳೀತಾ ಕೂತಿದ್ರೆ, ನೀನು ಒಂದು ಮುದ್ದೆ ಜೇಡಿಮಣ್ಣು ತಂದು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಸುಕಿ ಮೇಜಿನ ಮೇಲೆ ಇಟ್ಟೆ. ಇದೇ ಅಂದೆ. ಒಂದೇ ಮಾತು. ಸಾಹೇಬ್ರು ಅವತ್ತು ಗಡಿಯಾರ ಮರೆತು ಅದನ್ನೇ ನೋಡ್ತಾ ನಿಂತಿದ್ರು. ಈಗ್ಲೂ ಕಪಾಟಿನಲ್ಲಿದೆ ಕಣೋ. ಹೊಸದಾಗಿ ಸೇರಿದೋರೆಲ್ಲ ಅದರಲ್ಲಿ ಕೈ ಇಟ್ಟು ನೋಡ್ತಾರೆ. ಮೊನ್ನೆ ಒಬ್ಳು ಕೇಳಿದ್ಲು, ಇಷ್ಟು ಆಳ ಗುಳಿ ಹೇಗೆ ಬಿತ್ತು, ಸುತ್ತಿಗೇಲಿ ಹೊಡೆದ್ರಾ ಅಂತ. ಇಲ್ಲಮ್ಮ, ನನ್ನ ತಮ್ಮನ ಬೆರಳು ಅಷ್ಟು ಜೋರು ಅಂದೆ. ಅಷ್ಟು ಜೋರು... ಇತ್ತು ಅಂತ ಹೇಳ್ಲಿಲ್ಲ. ಅಷ್ಟು ಜೋರು ಅಂತ್ಲೇ ಹೇಳ್ದೆ. ಎಷ್ಟು...

...

ಏನು? ನಾನೆಲ್ಲಿ ಮಾತು ನಿಲ್ಲಿಸ್ದೆ? ಉಸಿರು ತಗೋಬಾರ್ದಾ ಮನುಷ್ಯರು?

ಎಡಕ್ಕೆ ಬರ್ತಿದೆ ನೋಡು, ದೊಡ್ಡ ತಿರುವು... ಸ್ವಲ್ಪ... ಹಾಂ... ಹಾಂ... ಆಯ್ತು. ಅಬ್ಬ! ನೀನು ಬಿಡು, ನೀನು ಬಿಡು! ಇದನ್ನ ಆ ಹುಡುಗ್ರಿಗೆ ತೋರಿಸ್ಬೇಕು. ಇಲ್ಲಿ ಮೂರು ಜನ ಬಿದ್ರು ಶುಕ್ರವಾರ. ಬಿದ್ದಿದ್ದಲ್ದೆ ಕಂಟ್ರೋಲರ್‌ಗೆ ಬೈಗುಳ ಬೇರೆ. ಟ್ರಿಗರ್ ತೀರಾ ಮೆತ್ತಗಿದೆಯಂತೆ, ಬೆರಳು ಸೋಕಿದ್ರೆ ಓಡಿಬಿಡುತ್ತಂತೆ, ಕೈಯಲ್ಲಿ ಏನೋ ಹಿಡಿದಿದೀವಿ ಅಂತ ಅನ್ಸೋದೇ ಇಲ್ವಂತೆ. ಒಬ್ಬನಂತೂ ಖಾಲಿ ಸೋಪಿನ ಡಬ್ಬಿ ಹಿಡಿದ ಹಾಗಿದೆ ಅಂದ. ಕಪಾಳಕ್ಕೆ ಬಿಡ್ಬೇಕು ಅನ್ಸ್ತು.

ಹೂಂ? ಆಗ್ಲೇ ಭಾರ ಅಂದ್ರು ಅಂತ ಹೇಳಿದ್ನಾ?

ಅದು... ಅದು ಬೇರೆ ಹುಡುಗ್ರು ಕಣೋ. ಒಬ್ಬೊಬ್ರು ಒಂದೊಂದು ಹೇಳ್ತಾರೆ. ಎಲ್ಲರ ಮಾತೂ ಕೇಳ್ತಾ ಕೂತ್ರೆ ಕಂಟ್ರೋಲರ್ ಆಗಲ್ಲ, ಕಲಸುಮೇಲೋಗರ ಆಗುತ್ತೆ. ಅದಕ್ಕೇ ನಿನ್ನ ಕೈ ಕೇಳೋದು ನಾವು.

ಆ ಹಿಂಬದಿ ಬಟನ್ ವಿಚಾರ ಬಿಡಪ್ಪ ಈಗ. ಎಷ್ಟು ಸಲ ಅದನ್ನೇ ಕೇಳ್ತೀಯಾ? ಹೇಳಿದೀನಲ್ಲ, ಮಾರಾಟದ ಮೇಡಂ ತೆಗೆಸಿದ್ದು. ಯಾರೂ ಒತ್ತಲ್ಲ, ಸುಮ್ನೆ ಯಾಕೆ ಅಂದ್ಲು. ನಾನು ಜಗಳ ಆಡ್ದೆ ಕಣೋ! ಆಡ್ಲಿಲ್ಲ ಅನ್ಕೊಂಡ್ಯಾ? ನನ್ನ ತಮ್ಮ ಆ ಒಂದು ಬಟನ್‌ಗೋಸ್ಕರ ಎಷ್ಟು ಜನರ ಹತ್ರ ಮಾತು ಬಿಟ್ಟಿದಾನೆ ಗೊತ್ತಾ ಅಂದೆ. ಉಂಗುರದ ಬೆರಳು ಬಿಟ್ಟಿ ಕೂತು ತಿನ್ನುತ್ತೆ, ಅದಕ್ಕೂ ಒಂದು ಕೆಲಸ ಕೊಡಿ ಅಂತ ನೀನು ಹೇಳಿದ್ದು, ಇಡೀ ಮೀಟಿಂಗ್ ನಕ್ಕಿದ್ದು, ಎಲ್ಲಾ ಹೇಳ್ದೆ. ಕೇಳ್ಬೇಕಲ್ಲ ಅವಳು. ಲಿಪ್‌ಸ್ಟಿಕ್ ಸರಿ ಮಾಡ್ಕೊಂಡು ಎದ್ದು ಹೋದ್ಲು.

ಯಾಕೆ ಹಾಗೆ ನೋಡ್ತಿದೀಯಾ? ಹಾಕಲ್ವಾ ಅವಳು ಲಿಪ್‌ಸ್ಟಿಕ್? ...ಎದುರುಗಡೆ ಬಿಲ್ಡಿಂಗಿನ ಹೆಂಗಸು ಬಟ್ಟೆ ತೆಗೀತಿದಾಳೆ ನೋಡು, ಮೋಡ ಆಗಿದೆಯೇನೋ. ನಮ್ಮದೂ ಒಣಗಿರ್ಬೇಕು. ಇದು ಮುಗೀಲಿ, ತೆಗೀತೀನಿ. ಆಮೇಲೆ ಟೀ ಮಾಡ್ತೀನಿ. ಸ್ಟ್ರಾ ಹೊಸದು ತಂದಿದೀನಿ, ಬಗ್ಗೋದು, ಬಾಯಿಗೆ ಸರಿಯಾಗಿ ಬರುತ್ತೆ.

ಕೊನೇ ಇಳಿಜಾರು ಬಂತು! ಹೂಂ ಪುಟ್ಟಾ, ಬಿಡಬೇಡ! ಆ ಕೆಂಪು ಕಾರು ಒಂದೇ ಮುಂದಿರೋದು. ಬಿಡಬೇಡ, ಬಿಡಬೇಡ... ಎಡಕ್ಕೆ... ಈಗ ಬಲಕ್ಕೆ... ಆಹಾ, ಬೆಣ್ಣೆ ಕಣೋ, ಬೆಣ್ಣೆ! ಏನು ಕೈ ನಿನ್ನದು! ದಾಟ್ದೆ! ಕೆಂಪು ಕಾರು ದಾಟ್ದೆ! ನಾಳೆ ಹೋಗಿ ಎಲ್ಲರಿಗೂ ಹೇಳ್ತೀನಿ, ನಮ್ಮ ಪುಟ್ಟ ಬೆಟ್ಟದ ರಸ್ತೇಲಿ ಒಂದ್ಸಲಾನೂ ಬೀಳದೆ... ಸೋಪಿನ ಡಬ್ಬಿ ಅಂದನಲ್ಲ, ಅವನ ಮುಖಕ್ಕೇ ಹೇಳ್ತೀನಿ...

ಏನೋ, ನನ್ನ ಕಡೆ ತಿರುಗಿ ಕೂತಿದೀಯಾ? ಟೀವಿ ನೋಡೋ, ನನ್ನ ಮುಖದಲ್ಲಿ ಏನಿದೆ...

ಪುಟ್ಟಾ.

ಕಂಟ್ರೋಲರ್ ದಿಂಬಿನ ಮೇಲೆ ಬಿದ್ದಿದೆ. ನಿನ್ನ ಕೈ... ಎರಡೂ ಕೈ ಸೋಫಾ ಮೇಲಿದೆಯಲ್ಲೋ.

ಯಾವಾಗ ತೆಗೆದೆ?

ಇಲ್ಲ, ಅದು... ಕೆಲವು ಸಲ ಅದು ಹಾಗೇ ಓಡುತ್ತೆ. ಸ್ಪ್ರಿಂಗ್ ತುಂಬ ಸಣ್ಣದಲ್ವಾ, ಸಿಕ್ಕಾಕ್ಕೊಂಡು ನಿಂತಿರ್ಬೇಕು. ತಿರುವು? ತಿರುವು ಅದೇ... ಗೇಮಲ್ಲೇ ಇರುತ್ತೆ ಕಣೋ, ತಾನೇ ತಿರುಗಿಸ್ಕೊಂಡು ಹೋಗೋದು, ನೀನಿಲ್ದೇ ಇದ್ದಾಗ ಹೊಸದಾಗಿ... ಹಾಗೆ ನೋಡಬೇಡ್ವೋ. ಏನಾದ್ರೂ ಹೇಳು. ಸುಳ್ಳಿ ಅನ್ನು, ಬಯ್ಯಿ, ಏನಾದ್ರೂ ಅನ್ನು.

ಸರಿ. ನೋಡು. ಹೊದಿಕೆ ತೆಗೆದೆ.

ಬಿಸಿನೀರಿನ ಚೀಲ ಇಲ್ಲ. ಹಳೇ ಕಂಟ್ರೋಲರ್. ಎರಡನ್ನೂ ಒಂದೇ ಕಾರಿಗೆ ಜೋಡಿಸಿದೀನಿ. ಓಡಿಸ್ತಿದ್ದಿದ್ದು ನಾನು. ...ಕೆಳಗಿಟ್ಟೆ, ನೋಡು, ಇಟ್ಬಿಟ್ಟೆ. ಕಾರು ನಿಂತೋಯ್ತು. ಎಲ್ಲರೂ ದಾಟ್ಕೊಂಡು ಹೋಗ್ತಿದಾರೆ. ಹೋಗ್ಲಿ ಬಿಡು.

ಮಾರಾಟದ ಮೇಡಂ ಏನೂ ತೆಗೆಸ್ಲಿಲ್ಲ ಕಣೋ. ಪಾಪ, ಅವಳು ಆ ಬಟನ್ ಇರ್ಲಿ ಅಂತ್ಲೇ ಅಂದ್ಲು. ತೆಗೆದಿದ್ದು ನಾನು. ಅವತ್ತು ಅದನ್ನ ಒತ್ತೋಕೆ ಹೋದೆ ನೀನು, ಬೆರಳು ಬರ್ಲಿಲ್ಲ. ಮತ್ತೆ ಒತ್ತಿದೆ. ಬರ್ಲಿಲ್ಲ. ಕಿಟಕಿ ಕಡೆ ತಿರುಗಿ ಕೂತೆಯಲ್ಲ... ಆ ಮುಖ ಇನ್ನೊಂದ್ಸಲ ನೋಡೋ ಧೈರ್ಯ ನನಗಿರ್ಲಿಲ್ಲ. ಮಾರನೇ ದಿನ ಹೋಗಿ ಬಟನ್ನೇ ಕಿತ್ತೆ. ಆಮೇಲೆ ಹಿಡಿ ದಪ್ಪ ಅನ್ಸ್ತು, ಉಜ್ಜಿದೆ. ಟ್ರಿಗರ್ ಗಟ್ಟಿ ಅನ್ಸ್ತು, ಸ್ಪ್ರಿಂಗ್ ಸಣ್ಣ ಮಾಡಿಸ್ದೆ. ಇನ್ನೂ ಸಣ್ಣ, ಇನ್ನೂ ಸಣ್ಣ... ಅವನ ಕೈ ಹೀಗೆ ಕೇಳ್ತಿದೆ ಅಂತ ಹೇಳಿದ್ರೆ ಅಲ್ಲಿ ಯಾರೂ ಎದುರಾಡಲ್ಲ. ನಿನಗೆ ಆಗ್ದೆ ಇದ್ದಾಗೆಲ್ಲ ಕಂಟ್ರೋಲರ್‌ದೇ ತಪ್ಪು ಅಂತ ಅನ್ಕೊಂಡೆ. ಹಾಗೆ ಅನ್ಕೊಂಡ್ರೆ ರಾತ್ರಿ ನಿದ್ದೆ ಬರ್ತಿತ್ತು ನನಗೆ. ಕೊನೆಗೆ ಇದಕ್ಕಿಂತ ಸಣ್ಣ ತಂತಿನೇ ಇಲ್ಲಮ್ಮ ಅಂದ್ಬಿಟ್ರು ತಾತ. ಆವಾಗಿಂದ ಈ ಹೊದಿಕೆ.

ಇವತ್ತು ಗೊತ್ತಾಯ್ತಾ ನಿನಗೆ? ಬೇಕೂಂತ್ಲೇ ಬೆಟ್ಟದ ರಸ್ತೆ ಹಾಕಿಸ್ದೆ ಅಲ್ವಾ?

...ಇವತ್ತಲ್ವಾ? ಹೋದ ಭಾನುವಾರನಾ?

...ಅದಕ್ಕೂ ಮುಂಚೆ?

ಮೊದಲ್ನೇ ಸಲಾನೇ? ಮೊದಲ್ನೇ ಸಲಾನೇ ಗೊತ್ತಾಯ್ತಾ?

ಮತ್ತೆ ಹೂಂ ಅಂತಿದ್ದೆಯಲ್ಲೋ! ಪ್ರತೀ ಸಲ... ಚೆನ್ನಾಗಿದೆ ಅಕ್ಕ, ಈ ಸಲದ್ದು ಇನ್ನೂ ಚೆನ್ನಾಗಿದೆ ಅಂತಿದ್ದೆಯಲ್ಲ. ನಾನು ಆ ಸಂತೋಷಕ್ಕೆ ಒಳಗೆ ಹೋಗಿ ಟೀ ಇಟ್ಟು ಹಾಡು ಗುನುಗ್ತಿದ್ದೆ. ಎಷ್ಟೋ ದಿನದ ಮೇಲೆ ಗುನುಗಿದ್ದು... ಅದಕ್ಕೇನಾ? ಅದನ್ನ ಕೇಳೋಕೆ ಹೂಂ ಅಂತಿದ್ಯಾ? ಅಯ್ಯೋ ದೇವ್ರೇ. ನಾನು ನಿನ್ನನ್ನ ಕಾಪಾಡ್ತಿದೀನಿ ಅನ್ಕೊಂಡಿದ್ದೆ ಕಣೋ. ಎಂಥಾ ದಡ್ಡಿ ನಾನು, ಎಂಥಾ ದಡ್ಡಿ...

ಮತ್ತೆ ಇವತ್ತು ಯಾಕೋ ತೆಗೆದೆ ಕೈಯನ್ನ? ಇನ್ನೊಂದು ಹೂಂ ಅಂದಿದ್ರೆ ಮುಗೀತಿತ್ತು.

...ನಾಳೆ ಅಚ್ಚು ಕೊರೀತಾರೆ ಅಂತ.

ಹೂಂ. ಗೊತ್ತಾಯ್ತು. ನನ್ನ ಮುಂದೆ ಸುಳ್ಳಾಡಬಹುದು, ಅಚ್ಚಿಗೆ ಸುಳ್ಳು ಕಳಿಸೋಕೆ ನಿನ್ನ ಕೈಯಲ್ಲಿ ಆಗಲ್ಲ. ನಿನ್ನ ಬುದ್ಧಿ ನನಗೆ ಗೊತ್ತಿರ್ಬೇಕಿತ್ತು.

ಸರಿ. ಸಾಹೇಬ್ರಿಗೆ ಈಗ್ಲೇ ಫೋನ್ ಮಾಡ್ತೀನಿ. ಒಪ್ಪಲಿಲ್ಲ, ಅಚ್ಚು ನಿಲ್ಲಿಸಿ ಅಂತೀನಿ. ಆ ಮೊದಲಿನ ಸ್ಪ್ರಿಂಗೇ ಹಾಕ್ಸೋದಾ? ಹಿಡಿ ದಪ್ಪ, ಮೊದಲಿನ ಭಾರ, ಹಿಂಬದಿ ಬಟನ್, ಎಲ್ಲಾ ನೀನು ಮೊದಲು ಹೇಳಿದ ಹಾಗೇನಾ? ...ಹಾಗೇನಾ? ಪುಟ್ಟಾ, ಕೇಳಿಲ್ಲಿ. ಅದು ಬಂದ್ರೆ ನೀನು ಅದನ್ನ ಹಿಡಿಯೋಕೂ... ಅದರಲ್ಲಿ ಒಂದೇ ಒಂದು ಬಟನ್ ಕೂಡ ನಿನಗೆ... ನಿನ್ನದೇ ಕಂಟ್ರೋಲರ್ ಕಣೋ ಅದು, ಊರೋರೆಲ್ಲ ಆಡ್ತಾರೆ, ನೀನೊಬ್ಬ...

ಗೊತ್ತಾ? ಗೊತ್ತಿದ್ದೂ ಅದೇ ಬೇಕಾ?

ಸರಿ... ಸರಿ ಕಣೋ. ಅದೇ ಮಾಡಿಸ್ತೀನಿ. ನಿನ್ನಾಣೆ, ಕೂದಲೆಳೆಯಷ್ಟೂ ಬದಲಾಯಿಸಲ್ಲ.

ಅಳ್ತಿದೀಯಾ? ಇಷ್ಟು ದಿನ ಒಂದು ಹನಿ ಹಾಕ್ಲಿಲ್ಲ ನೀನು, ಡಾಕ್ಟ್ರ ಮುಂದೆ ಕೂಡ... ಅಳು ಪರ್ವಾಗಿಲ್ಲ, ಅಳು. ಇರು, ಟವೆಲ್ ಇಲ್ಲೇ ಇದೆ, ನಾನು ಒರೆಸ್ತೀ...

ಬೇಡ್ವಾ? ನೀನೇನಾ?

...ಸರಿ. ನೀನೇ ಒರೆಸ್ಕೋ. ನಿಧಾನ. ಹಾಂ, ಮೊಣಕೈ ದಿಂಬಿನ ಮೇಲೆ ಊರ್ಕೋ... ಇಲ್ಲ ಇಲ್ಲ, ಹೇಳಲ್ಲ, ಬಾಯಿ ಮುಚ್ಕೋತೀನಿ. ಜಾರ್ತಾ? ಜಾರ್ಲಿ. ಮತ್ತೆ ಎತ್ತು. ನಾನು ಮುಟ್ಟಲ್ಲ ಕಣೋ. ಕೈ ಕಟ್ಕೊಂಡು ಕೂತಿದೀನಿ ನೋಡು. ಎಷ್ಟು ಹೊತ್ತಾದ್ರೂ ಆಗ್ಲಿ.